ಬಾಣಂತಿಯ ಪಥ್ಯ: ಚೀನದಲ್ಲಿ, ನಮ್ಮಲ್ಲಿ

ಕಂಬಂ ಕಣಿವೆಯ ಕನ್ನಡ ಮನೆಯೊಂದಕ್ಕೆ ಈಚೆಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಚೊಚ್ಚಲ ಹೆರಿಗೆಯಾಗಿ ಒಂಬತ್ತನೆಯ ದಿನ. ಹೊರಗೆ ಸುಡುಬಿಸಿಲು, ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹುಡುಗಿಯ ತುಟಿ ಒಣಗಿತ್ತು. "ಅಜ್ಜೀ, ಇನ್ನೊಂದು ಲೋಟ ನೀರು" ಎಂದಳು. "ಬೇಡ ಮಗಳೇ, ಕೂಸಿಗೆ ಶೀತವಾದೀತು" ಎಂದರು ಅಜ್ಜಿ. ಸುತ್ತಲೂ ಪನ್ನೀರ್ ದ್ರಾಕ್ಷಿಯ ತೋಟಗಳಿದ್ದರೂ ಆಕೆಗೆ ಒಂದು ಹಣ್ಣೂ ಸಲ್ಲದು. ಅದು ತಂಪಂತೆ!

ನಮ್ಮ ನೆರೆಯ ದಿಂಡಿಗಲ್ ಜಿಲ್ಲೆಯ ಪಳನಿ ಬೆಟ್ಟದಲ್ಲಿ ಭೋಗರ್ ಸಿದ್ಧರ ಸಮಾಧಿಯುಂಟು. ಅವರು ಚೀನಕ್ಕೆ ಹೋಗಿ ಬಂದವರೆಂದೂ ಚೀನದವರೇ ಎಂದೂ ಎರಡು ಬಗೆಯ ಐತಿಹ್ಯಗಳಿವೆ. ಐತಿಹ್ಯವನ್ನು ಇತಿಹಾಸವೆನ್ನಲಾಗದು. ಆದರೆ ಆ ದೇಶದ ಅಡುಗೆಮನೆಗೂ ನಮ್ಮದಕ್ಕೂ ಇರುವ ನೆಂಟಸ್ತಿಕೆ ಕಣ್ಣಿಗೆ ಕಾಣುವಂಥದು. ಚೀನದ ವೈದ್ಯವೂ ಆಹಾರವನ್ನು ಉಷ್ಣ, ತಂಪು ಎಂದೇ ವಿಂಗಡಿಸುತ್ತದೆ. ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ, ರೋಗಕ್ಕೆ ಮೊದಲು ಆಹಾರದಿಂದ ಚಿಕಿತ್ಸೆ ಮಾಡಬೇಕು, ಅದು ಫಲಿಸದಿದ್ದರೆ ಮಾತ್ರ ಔಷಧ ಕೊಡಬೇಕು ಎಂದು ಬರೆದಿದ್ದಾನೆ. ಹಸಿಶುಂಠಿ ಬೆಚ್ಚಗಿನದು, ಒಣಶುಂಠಿ ಅದಕ್ಕಿಂತ ಉಷ್ಣ ಎಂಬ ಭೇದವೂ ಅಲ್ಲಿದೆ.

ಹೆರಿಗೆಯಾದವಳು ಅಲ್ಲಿ 'ತಿಂಗಳು ಕೂರುತ್ತಾಳೆ'. ಗಾಳಿಗೆ ಬರುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ. ಶುಂಠಿ, ಎಳ್ಳೆಣ್ಣೆ ಹಾಕಿ ಬೇಯಿಸಿದ ಕೋಳಿ ಕೆಲವು ಪ್ರಾಂತಗಳ ಬಾಣಂತಿ ಊಟ. ಇಷ್ಟರವರೆಗೆ ನಮ್ಮ ಅಜ್ಜಿಯೇ ಹೇಳಿದಂತಿದೆ. ಮುಂದೆ ನೋಡಿ: ನಾವು ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯುತ್ತೇವೆ, ಅಲ್ಲಿನ ಹಳೆಯ ಪದ್ಧತಿಯಲ್ಲಿ ತಿಂಗಳು ಮುಗಿಯುವವರೆಗೆ ತಲೆಗೆ ನೀರೇ ಬೀಳಬಾರದು. ನಮಗೆ ತಂಪಾದ ದ್ರಾಕ್ಷಿ ಅವರ ಲೆಕ್ಕದಲ್ಲಿ ತಂಪೂ ಅಲ್ಲ, ಉಷ್ಣವೂ ಅಲ್ಲ. ಎರಡು ನಾಡಿನ ಹಿರಿಯರೂ ಅನುಭವಸ್ಥರೇ. ಆದರೂ ಒಬ್ಬರ ಕಟ್ಟಳೆ ಇನ್ನೊಬ್ಬರಿಗೆ ಅಪಥ್ಯ!

ಶುಂಠಿ, ಬೆಳ್ಳುಳ್ಳಿ, ಬಿಸಿ ಅನ್ನ, ವಿಶ್ರಾಂತಿ ಇವುಗಳಿಗೆ ನನ್ನ ತಕರಾರಿಲ್ಲ. ಹೆತ್ತವಳನ್ನು ಒಂದು ತಿಂಗಳಾದರೂ ದುಡಿತದಿಂದ ಬಿಡಿಸಿದ ಪದ್ಧತಿಯನ್ನು ಹಳಿಯುವುದು ಸರಿಯಲ್ಲ. ನೀರಿನ ಮಾತು ಬೇರೆ. ತಾಯಿಯ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಅದು ಅವಳ ಮೈಯಿಂದಲೇ ಬರಬೇಕು. ಬಾಯಾರಿದವಳಿಗೆ ನೀರು ತಡೆದರೆ ಮಲಬದ್ಧತೆ, ಉರಿಮೂತ್ರ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಬೇಸಗೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಅಪಾಯ ಇನ್ನೂ ಹೆಚ್ಚು. ತಾಯಿ ನೀರು ಕುಡಿದರೆ, ಹಣ್ಣು ತಿಂದರೆ ಕೂಸಿಗೆ ಶೀತವಾಗುವುದಿಲ್ಲ. ಜ್ವರ, ಅತಿ ರಕ್ತಸ್ರಾವ, ಒಂದೇ ಕಾಲಿನಲ್ಲಿ ಊತ, ನೋವು ಕಂಡರೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದನ್ನೆಲ್ಲ ಹೇಳಿದಾಗ ಅಜ್ಜಿ ಮರುಮಾತಾಡದೆ ಎದ್ದು ಒಳಗೆ ಹೋದರು. ಸಿಟ್ಟಾದರೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರನ್ನು ದೊಡ್ಡ ಚೆಂಬಿನಲ್ಲಿ ತಂದು ಮೊಮ್ಮಗಳ ಕೈಗಿತ್ತರು. ದ್ರಾಕ್ಷಿಗೆ ಮಾತ್ರ ಇನ್ನೂ ಅಪ್ಪಣೆಯಾಗಿಲ್ಲ.