ಜುಟ್ಟು ಯಾರದು, ಹೊಟ್ಟೆ ಯಾರದು?

ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಜನಸಾಮಾನ್ಯರು ಒಂದೊಂದು ಲೀಟರಿಗೂ ಲೆಕ್ಕ ಹಾಕುತ್ತಿರುವ ಕಾಲದಲ್ಲಿ ಮೋಟಾರು ಕಂಪೆನಿಗಳು ಎಣ್ಣೆ ಕುಡಿಯುವ ವಿಲಾಸದ ಕಾರುಗಳನ್ನು ಪೇಟೆಗೆ ತರುವುದು ಸರಿಯೇ? ಸಿಟ್ಟಿನಿಂದ ಉತ್ತರ ಕೊಡುವುದು ಸುಲಭ. ಆದರೆ ವಾರದ ಕೂಲಿಯನ್ನು ಎಣಿಸುವ ಕಾರ್ಮಿಕ ಬಂಧುಗಳೂ ದಿನದ ವ್ಯಾಪಾರವನ್ನು ಬರೆದಿಡುವ ಸಣ್ಣ ವರ್ತಕರೂ ಓದುವ ಪತ್ರಿಕೆ ಇದು. ಇಲ್ಲಿ ಲೆಕ್ಕದಿಂದಲೇ ಉತ್ತರ ಕೊಡಬೇಕೆಂದು ನಾವು ಭಾವಿಸುತ್ತೇವೆ. ಅದಕ್ಕೆ ಅಮೆರಿಕದಲ್ಲಿ 2008ನೆಯ ಇಸವಿಯಲ್ಲಿ ನಡೆದ ಸಂಗತಿ ತಕ್ಕ ಪಾಠವಾಗಿದೆ.

ಆ ವರ್ಷದ ಜುಲೈ ತಿಂಗಳಿನಲ್ಲಿ ಕಚ್ಚಾ ಎಣ್ಣೆಯ ಬೆಲೆ ಪೀಪಾಯಿಗೆ 147 ಡಾಲರ್ ಮುಟ್ಟಿತು. ಅಮೆರಿಕದಲ್ಲಿ ಒಂದು ಗ್ಯಾಲನ್, ಎಂದರೆ ಸುಮಾರು 3.8 ಲೀಟರು ಪೆಟ್ರೋಲಿಗೆ ಸರಾಸರಿ 4 ಡಾಲರ್ 11 ಸೆಂಟ್ ಆಯಿತು. ಆ ಬೆಂಕಿಯ ಕಾವು ನಮ್ಮನ್ನೂ ಬಿಡಲಿಲ್ಲ. 2008ರ ಜೂನ್ ಮೊದಲ ವಾರದಲ್ಲಿ ನಮ್ಮ ದೇಶದಲ್ಲಿ ಪೆಟ್ರೋಲು ಲೀಟರಿಗೆ 5 ರೂಪಾಯಿ, ಡೀಸೆಲು 3 ರೂಪಾಯಿ, ಅಡಿಗೆ ಅನಿಲದ ಸಿಲಿಂಡರು 50 ರೂಪಾಯಿ ಏರಿದವು. ಲಾರಿ ಬಾಡಿಗೆ ಏರಿದರೆ ಬೇಳೆಯ ಬೆಲೆ ಏರುತ್ತದೆ, ಬೇಳೆಯ ಬೆಲೆ ಏರಿದರೆ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ. ಇದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಅದೇ ಬೇಸಿಗೆಯಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಮಾಡಿದ್ದೇನು? ಜೂನ್ 3ರಂದು ಅಮೆರಿಕ, ಕೆನಡ, ಮೆಕ್ಸಿಕೊಗಳಲ್ಲಿರುವ ತನ್ನ 4 ಕಾರ್ಖಾನೆಗಳನ್ನು ಮುಚ್ಚುವುದಾಗಿ ಸಾರಿತು. ಆಗಸ್ಟ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಪೆಬಲ್ ಬೀಚ್ ಎಂಬಲ್ಲಿ, ಸಿರಿವಂತರು ತಮ್ಮ ಹಳೆಯ ಕಾರುಗಳನ್ನು ಮೆರೆಸುವ ಉತ್ಸವದ ಹೊತ್ತಿಗೆ, ಕ್ಯಾಡಿಲಾಕ್ ಹೆಸರಿನ ವೈಭವದ ಸ್ಟೇಷನ್ ವ್ಯಾಗನನ್ನು ಪ್ರದರ್ಶಿಸಿತು. ಚಳಿಗಾಲ ಬರುವಷ್ಟರಲ್ಲಿ ಅದೇ ಹೆಸರಿನ 'ಸಿಟಿಎಸ್-ವಿ' ಎಂಬ ವೇಗದ ಕಾರನ್ನು ಮಾರಾಟಕ್ಕೆ ಇಟ್ಟಿತು. ಅದರ ಎಂಜಿನ್ನಿನ ಬಲ 556 ಅಶ್ವಶಕ್ತಿ, ಬೆಲೆ ಸುಮಾರು 60 ಸಾವಿರ ಡಾಲರ್. ಊರೊಳಗೆ ಓಡಿಸಿದರೆ ಲೀಟರಿಗೆ 6 ಕಿಲೋಮೀಟರು ದಾಟುವುದು ಕಷ್ಟ. 2008ರ ಏಪ್ರಿಲ್‌ನಿಂದ ಜೂನ್‌ವರೆಗಿನ 3 ತಿಂಗಳಿನಲ್ಲಿಯೇ ಈ ಕಂಪೆನಿ 1,550 ಕೋಟಿ ಡಾಲರ್ ನಷ್ಟ ತೋರಿಸಿತ್ತು ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು.

ಎದುರು ಪಕ್ಷದವರ ವಾದವನ್ನೂ ನ್ಯಾಯವಾಗಿ ಕೇಳೋಣ. ಹೊಸ ಕಾರೊಂದನ್ನು ರೂಪಿಸಿ ಕಾರ್ಖಾನೆಯಿಂದ ಹೊರತರಲು ಹಲವು ವರ್ಷಗಳು ಬೇಕು; ಇಂದಿನ ಪೆಟ್ರೋಲಿನ ಬೆಲೆ ನೋಡಿ ನಾಳೆಯ ಕಾರನ್ನು ಮಾಡಲಾಗದು ಎನ್ನುತ್ತಾರೆ. ಇದು ನಿಜ. ಅದೇ ಡಿಸೆಂಬರಿನಲ್ಲಿ ಕಚ್ಚಾ ಎಣ್ಣೆ ಪೀಪಾಯಿಗೆ 40 ಡಾಲರಿಗಿಂತ ಕೆಳಗೆ ಕುಸಿಯಿತು. ಸಣ್ಣ ಕಾರು ನೂರು ಮಾರಿದರೂ ಬಾರದ ಲಾಭ ದೊಡ್ಡ ಕಾರು ಹತ್ತು ಮಾರಿದರೆ ಬರುತ್ತದೆ ಎನ್ನುತ್ತಾರೆ. ಅಂಕಿ ಹೆಚ್ಚುಕಡಿಮೆ ಇರಬಹುದು, ವ್ಯಾಪಾರದ ನ್ಯಾಯ ಅದೇ. ಮಿಷಿಗನ್ನಿನ ಲ್ಯಾನ್ಸಿಂಗ್ ಪಟ್ಟಣದ ಕಾರ್ಮಿಕರು ಈ ಕ್ಯಾಡಿಲಾಕುಗಳನ್ನು ಕಟ್ಟಿಯೇ ಅನ್ನ ತಿನ್ನುತ್ತಿದ್ದರು ಎಂಬುದೂ ನಿಜ. ಮತ್ತೂ ಒಂದು ಮಾತು: ತಗ್ಗಾದ ವ್ಯಾಗನು ಅಷ್ಟೇ ಸಾಮಾನು ಹೊತ್ತೂ, ಜೀಪಿನ ಜಾತಿಯ ದೈತ್ಯ ಗಾಡಿಗಿಂತ ಕಡಿಮೆ ಎಣ್ಣೆ ಕುಡಿಯುತ್ತದೆ. ದೈತ್ಯ ಗಾಡಿಯನ್ನು ಬಿಟ್ಟು ವ್ಯಾಗನನ್ನು ಕೊಂಡವನು ಲೋಕಕ್ಕೆ ಅಷ್ಟು ಉಪಕಾರ ಮಾಡಿದಂತೆಯೇ.

ಇಷ್ಟನ್ನೂ ಒಪ್ಪಿದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಆ ಲೆಕ್ಕಾಚಾರ ತಪ್ಪಿದಾಗ ದಂಡ ತೆತ್ತವರು ಯಾರು?

1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದ ಮೇಲೆ ಅಮೆರಿಕದ ಸಂಸತ್ತು 1975ರಲ್ಲಿ ಕಾನೂನು ಮಾಡಿ, ವಾಹನಗಳು ಗ್ಯಾಲನಿಗೆ ಇಂತಿಷ್ಟು ಮೈಲಿ ಓಡಲೇಬೇಕೆಂದು ವಿಧಿಸಿತು. ಆದರೆ ಆ ಕಾನೂನಿನ ಗೋಡೆಯಲ್ಲಿ ಒಂದು ದೊಡ್ಡ ಕಿಂಡಿ ಉಳಿಯಿತು. 2004ರಲ್ಲಿಯೂ ಕಾರುಗಳಿಗೆ 27.5 ಮೈಲಿಯ ಕಟ್ಟಳೆ ಇದ್ದರೆ, 'ಹಗುರ ಟ್ರಕ್ಕು'ಗಳಿಗೆ 20.7 ಮೈಲಿ ಸಾಕಾಗಿತ್ತು. ಜೀಪಿನ ಜಾತಿಯ ದೊಡ್ಡ ಗಾಡಿಗಳೆಲ್ಲ ಟ್ರಕ್ಕಿನ ಹೆಸರಿನಲ್ಲಿ ಈ ಕಿಂಡಿಯಿಂದ ನುಗ್ಗಿದವು. ಹಮ್ಮರ್ ಎಂಬ ಅತಿ ಭಾರದ ಗಾಡಿಗೆ ಆ ಕಟ್ಟಳೆಯೂ ತಾಗಲಿಲ್ಲ. ಇದು ಸಾಲದೆಂಬಂತೆ 2003ರ ತೆರಿಗೆ ಕಾನೂನು, ವ್ಯಾಪಾರಕ್ಕೆಂದು 6,000 ಪೌಂಡಿಗಿಂತ ಭಾರದ ಗಾಡಿ ಕೊಂಡವನು 1 ಲಕ್ಷ ಡಾಲರ್‌ವರೆಗಿನ ಬೆಲೆಯನ್ನು ಮೊದಲ ವರ್ಷವೇ ಆದಾಯದಿಂದ ಕಳೆಯಬಹುದೆಂದು ವಿನಾಯಿತಿ ಕೊಟ್ಟಿತು. ಕೂಗು ಎದ್ದ ಮೇಲೆ 2004ರಲ್ಲಿ ಇಂಥ ದೊಡ್ಡ ಗಾಡಿಗಳಿಗೆ ಅದನ್ನು 25 ಸಾವಿರಕ್ಕೆ ಇಳಿಸಿದರು. ಸಣ್ಣ ಗಾಡಿ ಇಟ್ಟುಕೊಂಡ ಸಣ್ಣ ವರ್ತಕನಿಗೆ ಈ ಭಾಗ್ಯವಿರಲಿಲ್ಲ. ಹೀಗೆ ಜನ ತಾವಾಗಿಯೇ ದೊಡ್ಡ ಗಾಡಿ ಬಯಸಿದರು ಎಂಬ ಮಾತು ಅರ್ಧ ಸತ್ಯ. ಆ ಬಯಕೆಗೆ ನೀರೆರೆದದ್ದು ಸರ್ಕಾರ, ಫಸಲು ಕೊಯ್ದದ್ದು ಕಂಪೆನಿ.

ಫಸಲು ಕೆಟ್ಟಾಗ ಏನಾಯಿತು? ವಿಸ್ಕಾನ್ಸಿನ್ ಪ್ರಾಂತದ ಜೇನ್ಸ್‌ವಿಲ್ ಎಂಬ ಪಟ್ಟಣದ ಕಾರ್ಖಾನೆ 1919ರಿಂದ ನಡೆದುಬಂದದ್ದು. ಮೊದಲು ಟ್ರಾಕ್ಟರು, ಆಮೇಲೆ ಷೆವರ್ಲೆ ಕಾರು, ಕೊನೆಗೆ ಈ ದೈತ್ಯ ಗಾಡಿಗಳು ಅಲ್ಲಿ ತಯಾರಾದವು. ಏನನ್ನು ಮಾಡಬೇಕೆಂದು ಆ ಕಾರ್ಮಿಕರನ್ನು ಯಾರೂ ಕೇಳಲಿಲ್ಲ. ಕೊಟ್ಟ ಕೆಲಸವನ್ನು ಚೆನ್ನಾಗಿ ಮಾಡಿದರು. 2008ರ ಡಿಸೆಂಬರ್ 23ರಂದು, ಕ್ರಿಸ್ಮಸ್ ಹಬ್ಬಕ್ಕೆ ಎರಡು ದಿನ ಇರುವಾಗ, ಅಲ್ಲಿನ ಕೊನೆಯ ದೈತ್ಯ ಗಾಡಿ ಹೊರಬಂದು ಆ ಕೆಲಸಕ್ಕೆ ಬಾಗಿಲು ಬಿತ್ತು. ಕಾರ್ಖಾನೆ ಮುಚ್ಚಿದರೆ ಕೂಲಿಯವನ ಒಲೆಯೊಂದೇ ಆರುವುದಿಲ್ಲ. ಎದುರಿನ ಹೋಟೆಲು, ಬಟ್ಟೆಯಂಗಡಿ, ಕ್ಷೌರದಂಗಡಿ, ಮನೆ ಬಾಡಿಗೆ ಎಲ್ಲವೂ ಬೀಳುತ್ತವೆ. ಹತ್ತಿ ಗಿರಣಿಗಳು ಮುಚ್ಚಿದ ದಾವಣಗೆರೆಯನ್ನು ಬಲ್ಲವರಿಗೆ ಜೇನ್ಸ್‌ವಿಲ್ ದೂರದ ಊರಲ್ಲ.

ಆ ನವೆಂಬರಿನಲ್ಲಿ ಮೂರು ದೊಡ್ಡ ಮೋಟಾರು ಕಂಪೆನಿಗಳ ಮುಖ್ಯಸ್ಥರು ಸರ್ಕಾರದ ನೆರವು ಕೇಳಲು ವಾಷಿಂಗ್ಟನ್ನಿಗೆ ಹೋದರು. ಹೋದದ್ದು ತಂತಮ್ಮ ಕಂಪೆನಿಯ ಖಾಸಗಿ ವಿಮಾನಗಳಲ್ಲಿ! 2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. ಬ್ಯಾಂಕುಗಳ ಕುಸಿತವೂ ಇದಕ್ಕೆ ಕಾರಣವೆಂಬುದನ್ನು, ಹಳೆಯ ಷೇರುದಾರರೂ ಕೈ ಸುಟ್ಟುಕೊಂಡರೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಅದನ್ನು ಮೇಲೆತ್ತಲು ಸರ್ಕಾರದ ಬೊಕ್ಕಸದಿಂದ ಸುಮಾರು 4,950 ಕೋಟಿ ಡಾಲರ್ ಹೋಯಿತು. 2013ರ ಡಿಸೆಂಬರಿನಲ್ಲಿ ಸರ್ಕಾರ ತನ್ನ ಕಡೆಯ ಷೇರುಗಳನ್ನು ಮಾರಿದಾಗ 1,000 ಕೋಟಿ ಡಾಲರಿಗೂ ಹೆಚ್ಚು ಹಣ ಮುಳುಗಿಹೋಗಿತ್ತು. ಆ ಹಣ ಕ್ಯಾಡಿಲಾಕನ್ನು ಎಂದೂ ಹತ್ತದವರ ತೆರಿಗೆಯ ಹಣ. ಇತ್ತ 2007ರ ಒಪ್ಪಂದದಂತೆ ಹೊಸದಾಗಿ ಸೇರುವ ಅನೇಕ ಕಾರ್ಮಿಕರ ಕೂಲಿ ಹಳಬರ ಕೂಲಿಯ ಅರ್ಧದಷ್ಟಕ್ಕೆ ಇಳಿದಿತ್ತು. ಪಕ್ಕಪಕ್ಕದಲ್ಲಿ ನಿಂತು ಒಂದೇ ತಿರುಪು ಬಿಗಿಯುವ ಇಬ್ಬರಿಗೆ ಎರಡು ಕೂಲಿ!

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮಲ್ಲಿದೆ. ಗಾದೆಯ ಮನುಷ್ಯನಲ್ಲಿ ಒಂದು ನ್ಯಾಯವಾದರೂ ಇದೆ: ಹಸಿದ ಹೊಟ್ಟೆಯೂ ಅವನದೇ, ಹೂ ಮುಡಿದ ಜುಟ್ಟೂ ಅವನದೇ. ಇಲ್ಲಿ ಜುಟ್ಟು ಪೆಬಲ್ ಬೀಚಿನಲ್ಲಿದೆ, ಹೊಟ್ಟೆ ಜೇನ್ಸ್‌ವಿಲ್ಲಿನಲ್ಲಿದೆ.

ಇದು ಮುಗಿದ ಕಥೆಯೂ ಅಲ್ಲ. 2022ರ ಜೂನ್ ತಿಂಗಳಿನಲ್ಲಿ ಅಮೆರಿಕದ ಪೆಟ್ರೋಲು ಗ್ಯಾಲನಿಗೆ ಸರಾಸರಿ 5 ಡಾಲರ್ ದಾಟಿತು. ಆ ಹೊತ್ತಿಗೆ ಅದೇ ಕಂಪೆನಿಯ ಅಂಗಡಿಯಲ್ಲಿ 668 ಅಶ್ವಶಕ್ತಿಯ ಕ್ಯಾಡಿಲಾಕ್ ಮಾರಾಟಕ್ಕಿತ್ತು. 2010ರಲ್ಲಿ ನಿಂತುಹೋಗಿದ್ದ ಹಮ್ಮರ್ ಹೆಸರು 2021ರ ಕೊನೆಯಲ್ಲಿ ವಿದ್ಯುತ್ ಗಾಡಿಯಾಗಿ ಮರಳಿ ಬಂದಿತ್ತು. ಅದರ ತೂಕ 4 ಟನ್ನಿಗೂ ಮೇಲು. ಎಣ್ಣೆಯ ಬದಲು ವಿದ್ಯುತ್ತು ಬಂದ ಮಾತ್ರಕ್ಕೆ ವಿಲಾಸ ಮಿತವಾಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ನಮ್ಮ ಉತ್ತರವೇನು? ವೇಗದ ಕಾರು ಮಾಡಲೇಬಾರದೆಂದು ನಾವು ಹೇಳುವುದಿಲ್ಲ. ಉಳ್ಳವನು ತನ್ನ ಹಣದಿಂದ ಕೊಳ್ಳಲಿ, ತೆರಿಗೆಯನ್ನೂ ಪೂರ್ತಿಯಾಗಿ ಕಟ್ಟಲಿ. ಆ ತೆರಿಗೆಯಿಂದ ಕೂಲಿಕಾರರ ಬಸ್ಸು ಓಡಲಿ. ಎಣ್ಣೆಯ ಕಟ್ಟಳೆ ಚಿಕ್ಕ ಗಾಡಿಗೂ ದೊಡ್ಡ ಗಾಡಿಗೂ ಒಂದೇ ಇರಲಿ. ಭಾರಕ್ಕೆ ಬಹುಮಾನ ಬೇಡ. ಸಾರ್ವಜನಿಕ ಹಣ ಪಡೆದ ಕಂಪೆನಿ ಮುಂದೆ ಏನನ್ನು ತಯಾರಿಸುತ್ತದೆಂಬುದನ್ನು ಸಾರ್ವಜನಿಕರ ಮುಂದಿಟ್ಟು ಒಪ್ಪಿಗೆ ಪಡೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಗಾಡಿ, ಎಷ್ಟು ಗಾಡಿ ಎಂಬ ತೀರ್ಮಾನವಾಗುವ ಮೇಜಿನ ಸುತ್ತ ಅದನ್ನು ಕಟ್ಟುವ ಕಾರ್ಮಿಕರ ಪ್ರತಿನಿಧಿಗಳಿಗೂ ಕುರ್ಚಿ ಇರಲಿ. ನಷ್ಟದಲ್ಲಿ ಪಾಲು ಕೊಟ್ಟವನಿಗೆ ತೀರ್ಮಾನದಲ್ಲಿ ಪಾಲಿಲ್ಲವೆಂಬುದು ಯಾವ ಊರಿನ ವ್ಯಾಪಾರ? ನಾಲ್ಕು ಜನ ಕೂಡಿ ನಡೆಸುವ ಕಿರಾಣಿ ಅಂಗಡಿಯಲ್ಲಿಯೂ ಇಂಥ ಅನ್ಯಾಯ ನಡೆಯದು.

ಆ ಕುರ್ಚಿಯನ್ನು ಯಾರೂ ತಾವಾಗಿ ಎಳೆದು ಕೊಡುವುದಿಲ್ಲ. ಮೋಟಾರು ಕಾರ್ಖಾನೆಯಾಗಲಿ, ನೂಲಿನ ಗಿರಣಿಯಾಗಲಿ, ಸಂಘದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿ, ಬೋನಸ್ಸುಗಳ ಜೊತೆಗೆ ಇದನ್ನೂ ಬರೆಯಬೇಕು.