ಯುರೇನಿಯಂ ತುಂಬುವ ಮುನ್ನ

1994ರ ಮೇ 13ರಂದು ಕೈಗಾದಲ್ಲಿ, ನಿರ್ಮಾಣ ಹಂತದಲ್ಲಿದ್ದ ಅಣುಸ್ಥಾವರದ ಗುಮ್ಮಟದ ಒಳಭಾಗ ಕುಸಿದುಬಿದ್ದಿತು. ಕಾರ್ಮಿಕರು ಗಾಯಗೊಂಡರು. ಆದರೆ ಸ್ಥಾವರಕ್ಕೆ ಆಗಿನ್ನೂ ಯುರೇನಿಯಂ ತುಂಬಿರಲಿಲ್ಲವಾದ್ದರಿಂದ ವಿಕಿರಣ ಹೊರಬೀಳಲಿಲ್ಲ. ದೋಷವು ಇಂಧನ ತುಂಬುವ ಮುನ್ನ ಬಯಲಾಗುವುದಕ್ಕೂ ತುಂಬಿದ ಮೇಲೆ ಬಯಲಾಗುವುದಕ್ಕೂ ಇರುವ ಅಂತರವನ್ನು ಕಾಳಿ ಕಣಿವೆಯ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ.

ಈ ಅಂತರವನ್ನೇ ಆಧಾರವಾಗಿಟ್ಟುಕೊಂಡ ಪರೀಕ್ಷಾ ವಿಧಾನವೊಂದು ಬಾಹ್ಯಾಕಾಶದ ಅಣು ರಿಯಾಕ್ಟರುಗಳ ಕ್ಷೇತ್ರದಲ್ಲಿ ಬಳಕೆಗೆ ಬಂದಿದೆ. ಚಂದ್ರನ 14 ದಿನಗಳ ರಾತ್ರಿಯಲ್ಲಿ ವಿದ್ಯುತ್ ಪಡೆಯಲು, ದೂರದ ಗ್ರಹಗಳತ್ತ ನೌಕೆಯನ್ನು ನೂಕಲು ಪರಮಾಣು ವಿದಳನವನ್ನು ಬಳಸಬೇಕೆಂಬುದು ವಿಜ್ಞಾನಿಗಳ ಉದ್ದೇಶ. ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವ ನಾಸಾದ ಮಾರ್ಷಲ್ ಕೇಂದ್ರದಲ್ಲಿ, 2000ದ ದಶಕದ ಮೊದಲ ವರ್ಷಗಳಲ್ಲಿ, ಯುರೇನಿಯಂ ಇರಬೇಕಾದ ಜಾಗದಲ್ಲಿ ವಿದ್ಯುತ್ ಹೀಟರುಗಳನ್ನಿರಿಸಿ ಇಂಥ ಯಂತ್ರಗಳ ಮಾದರಿಗಳನ್ನು ಪರೀಕ್ಷಿಸಲಾಯಿತು. ಅಣುವಿನಿಂದ ಬರಲಿ, ತಂತಿಯಿಂದ ಬರಲಿ, ಶಾಖವು ಶಾಖವೇ. ಬೆಸುಗೆ ಬಿಡುವುದೇ, ಕೊಳವೆ ಬಾಗುವುದೇ, ಶಾಖವು ಎಂಜಿನ್ನಿಗೆ ಸರಿಯಾಗಿ ಸಾಗುವುದೇ ಎಂಬುದೆಲ್ಲ ಹೀಗೆ ತಿಳಿಯುತ್ತದೆ. ದೋಷ ಕಂಡರೆ ಸ್ವಿಚ್ ಆರಿಸಿ, ತಣಿದ ಮೇಲೆ ಕೈಯಿಂದಲೇ ಬಿಚ್ಚಿ ನೋಡಬಹುದು. ಒಮ್ಮೆ ವಿದಳನ ನಡೆದ ಯಂತ್ರವನ್ನು ಹಾಗೆ ಮುಟ್ಟಲಾಗದು.

ಇಂಥ ಪರೀಕ್ಷೆಯನ್ನು ಪರಿಸರವಾದಿಗಳು ಸ್ವಾಗತಿಸಬೇಕೆಂಬುದೇ ನಮ್ಮ ಅಭಿಪ್ರಾಯ. 1965ರ ಏಪ್ರಿಲ್ 3ರಂದು ಅಮೆರಿಕ ಹಾರಿಸಿದ ಸ್ನ್ಯಾಪ್-10ಎ ರಿಯಾಕ್ಟರು 43 ದಿನಗಳಲ್ಲೇ ನಿಂತುಹೋಯಿತು. ಕೆಟ್ಟದ್ದು ರಿಯಾಕ್ಟರಲ್ಲ, ವೋಲ್ಟೇಜ್ ನಿಯಂತ್ರಕ. ಅಂಥ ಭಾಗವನ್ನು ಪರೀಕ್ಷಿಸಲು ಯುರೇನಿಯಂ ಬೇಕಾಗಿಲ್ಲ. ಆ ಸಣ್ಣ ದೋಷದ ಫಲವಾಗಿ ವಿಕಿರಣಶೀಲ ರಿಯಾಕ್ಟರೊಂದು ಇಂದಿಗೂ ನಿರುಪಯುಕ್ತವಾಗಿ ಭೂಮಿಯನ್ನು ಸುತ್ತುತ್ತಿದೆ.

ಆದರೆ ಹೀಟರಿನ ಪರೀಕ್ಷೆಯನ್ನೇ ಸುರಕ್ಷತೆಯ ಪ್ರಮಾಣಪತ್ರವೆಂದು ಒಪ್ಪಲಾಗದು. 1965ರ ಜೂನ್ 25ರಂದು ನೆವಾಡಾ ಮರುಭೂಮಿಯಲ್ಲಿ ಫೀಬಸ್-1ಎ ಎಂಬ ಅಣು ರಾಕೆಟ್ ರಿಯಾಕ್ಟರನ್ನು ಓಡಿಸುತ್ತಿದ್ದಾಗ, ದ್ರವ ಜಲಜನಕದ ಟ್ಯಾಂಕಿನ ಮಾಪಕವೊಂದು ತೀವ್ರ ವಿಕಿರಣದಿಂದಾಗಿ ತಪ್ಪು ಅಳತೆ ತೋರಿಸಿತು. ತಂಪುಗೊಳಿಸುವ ಜಲಜನಕ ಬರಿದಾಗಿ ರಿಯಾಕ್ಟರು ಮಿತಿಮೀರಿ ಕಾಯಿತು. ಅದರ ಇಂಧನದ ಒಂದು ಭಾಗ ಸಿಡಿದು ನೆಲಕ್ಕೆ ಚೆಲ್ಲಿತು. ಹೀಟರು ವಿಕಿರಣ ಸೂಸುವುದಿಲ್ಲ. ಆದುದರಿಂದ ಇಂಥ ದೋಷ ಅದರ ಪರೀಕ್ಷೆಯಲ್ಲಿ ಗೋಚರಿಸುವುದೇ ಇಲ್ಲ. ಕೊನೆಗೊಮ್ಮೆ ನಿಜವಾದ ಇಂಧನ ಬೇಕೇ ಬೇಕು. ಕಿಲೋಪವರ್ ಎಂಬ ಪುಟ್ಟ ರಿಯಾಕ್ಟರಿಗೂ ವಿದ್ಯುತ್ ಶಾಖದ ಪರೀಕ್ಷೆಗಳು ಮುಗಿದ ಮೇಲೆ, 2018ರ ಮಾರ್ಚ್‌ನಲ್ಲಿ, 28 ಗಂಟೆಗಳ ನಿಜವಾದ ಪರೀಕ್ಷೆ ನಡೆಯಿತು. ಅದೂ ನೆವಾಡಾದಲ್ಲಿಯೇ.

ಆ ನೆಲ ಯಾರದು? 1863ರ ಒಪ್ಪಂದವನ್ನು ಮುಂದಿಟ್ಟು, ಅದು ತಮ್ಮದೆಂದು ಪಶ್ಚಿಮ ಶೊಶೋನಿ ಮೂಲನಿವಾಸಿಗಳು ಇಂದಿಗೂ ಹೇಳುತ್ತಾರೆ. 1978ರ ಜನವರಿ 24ರಂದು ಸೋವಿಯತ್ ಉಪಗ್ರಹ ಕಾಸ್ಮೋಸ್-954ರ ವಿಕಿರಣಶೀಲ ಚೂರುಗಳು ಬಿದ್ದದ್ದೂ ಕೆನಡಾದ ಉತ್ತರದಲ್ಲಿ, ಬೇಟೆ ಮತ್ತು ಮೀನುಗಾರಿಕೆಯನ್ನು ನಂಬಿದ ಮೂಲನಿವಾಸಿಗಳ ಸೀಮೆಯಲ್ಲಿ. ನಕ್ಷೆಯಲ್ಲಿ ಖಾಲಿಯಾಗಿ ತೋರುವ ಜಾಗದಲ್ಲಿಯೂ ಜನರಿರುತ್ತಾರೆಂಬುದನ್ನು ಬೆಟ್ಟದವರಾದ ನಾವು ಬಲ್ಲೆವು.

ಆದ್ದರಿಂದ ಇಂಧನವಿಲ್ಲದೆ ಪರೀಕ್ಷಿಸಬಹುದಾದ ಪ್ರತಿಯೊಂದನ್ನೂ ಹಾಗೆಯೇ ಪರೀಕ್ಷಿಸಬೇಕು. ಆ ಪರೀಕ್ಷೆಗೆ ನಿಲುಕದ ಅಂಶಗಳು ಯಾವುವೆಂಬುದನ್ನೂ ಬಹಿರಂಗಪಡಿಸಬೇಕು. ಉಳಿದುದನ್ನು ಯುರೇನಿಯಂ ತುಂಬಿ ಪರೀಕ್ಷಿಸುವ ಮುನ್ನ ಆ ನೆಲದ ಜನರ ಒಪ್ಪಿಗೆ ಪಡೆಯಬೇಕು. ನಿಗದಿತ ಕಕ್ಷೆಯನ್ನೋ ಗ್ರಹಯಾನದ ಪಥವನ್ನೋ ತಲುಪುವವರೆಗೆ ರಿಯಾಕ್ಟರನ್ನು ಚಾಲನೆಗೊಳಿಸಬಾರದೆಂದು 1992ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ತತ್ತ್ವಗಳು ಹೇಳುತ್ತವೆ. ಉಡಾವಣೆಯ ದಾರಿಯ ಕೆಳಗಿರುವವರಿಗೆ ದೊರೆತ ಈ ಎಚ್ಚರಿಕೆಯು ಪರೀಕ್ಷಾ ನೆಲದ ನೆರೆಹೊರೆಯವರಿಗೂ ದೊರೆಯಬೇಕಲ್ಲವೆ?