ಬಾತುಕೋಳಿಯ ಕಥೆ ಮತ್ತು ಬರೆದವನ ಕೂಲಿ

ಕಳೆದ ವಾರ ಹಗಲು ಪಾಳಿ ಬಿಟ್ಟ ಮೇಲೆ ನೂಲಿನ ಖಾತೆಯ ಗೆಳೆಯರೊಬ್ಬರು ತಮ್ಮ ಮಗನ ಕೈಹಿಡಿದು ಎಳೆದುಕೊಂಡೇ ನಮ್ಮ ಪಕ್ಷದ ಕಚೇರಿಗೆ ಬಂದರು. ಹುಡುಗ ಎಂಟನೆಯ ತರಗತಿಯವನು. "ಮೇಷ್ಟ್ರೇ, ನೀವಾದರೂ ಇವನಿಗೆ ನಾಲ್ಕು ಬುದ್ಧಿಮಾತು ಹೇಳಿ" ಎಂದು ಮೇಜಿನ ಮೇಲೆ ಎರಡು ಪುಸ್ತಕಗಳನ್ನು ಹಾಕಿದರು. ಒಂದು, ಹಳೆ ಪುಸ್ತಕದವನ ಹತ್ತಿರ ಕೊಂಡ, ರಟ್ಟು ಹರಿದ ಇಂಗ್ಲಿಷ್ ಕಾಮಿಕ್ಸ್. ಇನ್ನೊಂದು ಲೆಕ್ಕದ ನೋಟುಬುಕ್ಕು. ಅದರಲ್ಲಿ ಲೆಕ್ಕಕ್ಕಿಂತ ಚಿತ್ರವೇ ಹೆಚ್ಚು. ಕಾಮಿಕ್ಸಿನಲ್ಲಿದ್ದ ಅದೇ ಬಾತುಕೋಳಿ ಇಲ್ಲಿ ನಮ್ಮ ಗಿರಣಿಯ ಗೇಟಿನ ಮುಂದೆ ನಿಂತು ಕಾವಲಿನವನೊಡನೆ ಜಗಳವಾಡುತ್ತಿದೆ.

"ಓದೋದೂ ಕಂಡವರ ಕಥೆ, ಬರೆಯೋದೂ ಕಂಡವರ ನಕಲು. ಇದರಿಂದ ಇವನು ಉದ್ಧಾರ ಆಗ್ತಾನಾ?" ಎಂಬುದು ತಂದೆಯ ಪ್ರಶ್ನೆ. ಈ ಪ್ರಶ್ನೆ ಒಂದೇ ಮನೆಯದಲ್ಲ. ಆದಕಾರಣ ಅವರಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿವರವಾಗಿ ಬರೆಯುತ್ತೇನೆ.

ಆ ಕಾಮಿಕ್ಸಿನ ನಾಯಕ ಸ್ಕ್ರೂಜ್ ಮಾಮ. ಜಗತ್ತಿನಲ್ಲೇ ಅತಿ ಶ್ರೀಮಂತ ಬಾತುಕೋಳಿ, ಜಿಪುಣರಲ್ಲಿ ಅಗ್ರಗಣ್ಯ. ದುಡ್ಡಿನ ಗೋದಾಮು ಕಟ್ಟಿಸಿ ನಾಣ್ಯದ ರಾಶಿಯೊಳಗೆ ಈಜುವವನು. ಓದುಗರಿಗೆ ಯಾರ ನೆನಪು ಬಂದರೂ ಅದಕ್ಕೆ ನಾನು ಹೊಣೆಯಲ್ಲ. ಈ ಸ್ಕ್ರೂಜನನ್ನು 1947ರಲ್ಲಿ ಸೃಷ್ಟಿಸಿದವನು ಕಾರ್ಲ್ ಬಾರ್ಕ್ಸ್. 1901ರಲ್ಲಿ ಅಮೆರಿಕದ ಆರಿಗನ್ ಪ್ರಾಂತದ ಒಂದು ರೈತ ಕುಟುಂಬದಲ್ಲಿ ಹುಟ್ಟಿದವನು. ಕಿವಿ ಮಂದ. ಹೊಲದ ಕೆಲಸ, ಮರ ಕಡಿಯುವ ಕೆಲಸ, ರೈಲ್ವೆ ದುರಸ್ತಿ ಖಾತೆಯ ಕೆಲಸ ಎಲ್ಲವನ್ನೂ ಮಾಡಿ, 1935ರಲ್ಲಿ ಡಿಸ್ನಿ ಕಂಪನಿ ಸೇರಿದ. 1942ರಲ್ಲಿ ಅದನ್ನು ಬಿಟ್ಟು, ಡಿಸ್ನಿಯ ಪಾತ್ರಗಳ ಕಾಮಿಕ್ಸ್ ಅಚ್ಚು ಮಾಡುತ್ತಿದ್ದ ಪ್ರಕಾಶಕರಿಗೆ 1966ರವರೆಗೆ ಕಥೆ ಬರೆದು ಚಿತ್ರ ಬಿಡಿಸಿದ.

ಅದು ಪೀಸ್ ರೇಟಿನ ಕೆಲಸ. ಪುಟಕ್ಕೆ ಇಷ್ಟು ಎಂದು ಕೂಲಿ ಸಿಗುತ್ತಿತ್ತು. ಪುಸ್ತಕ ಲಕ್ಷಗಟ್ಟಲೆ ಮಾರಾಟವಾದರೂ ಅವನಿಗೆ ಒಂದು ಕಾಸಿನ ಪಾಲಿಲ್ಲ. ಅವನ ಹೆಸರನ್ನೂ ಅಚ್ಚು ಹಾಕುತ್ತಿರಲಿಲ್ಲ. ಮುಖಪುಟದ ಮೇಲೆ ಡಿಸ್ನಿಯ ಹೆಸರೊಂದೇ. ಆದರೆ ಮಕ್ಕಳ ಕಣ್ಣು ಮೋಸಹೋಗುವುದಿಲ್ಲ. ಹಲವರು ಬಿಡಿಸಿದ ಬಾತುಕೋಳಿಗಳ ನಡುವೆ ಇವನ ಗೆರೆಯನ್ನು ಅವರು ಗುರುತು ಹಿಡಿದರು. ಹೆಸರು ತಿಳಿಯದ್ದರಿಂದ "ಒಳ್ಳೆಯ ಬಾತುಕೋಳಿ ಚಿತ್ರಕಾರ" ಎಂದು ಕರೆದರು. ಅಭಿಮಾನಿಗಳು ಅವನ ಹೆಸರು ಪತ್ತೆಮಾಡಿ ಕಾಗದ ಬರೆಯುವ ಹೊತ್ತಿಗೆ 1960 ಬಂದಿತ್ತು.

ಹೀಗೆ ಓದಿದ ಮಕ್ಕಳಲ್ಲಿ ಒಬ್ಬ ಡಾನ್ ರೋಸಾ. 1951ರಲ್ಲಿ ಕೆಂಟಕಿ ಪ್ರಾಂತದ ಲೂಯಿವಿಲ್ ಪಟ್ಟಣದಲ್ಲಿ ಹುಟ್ಟಿದವನು. ಅವನ ಅಕ್ಕ ಕೂಡಿಟ್ಟಿದ್ದ ಕಾಮಿಕ್ಸ್ ರಾಶಿಯೇ ಅವನ ಮೊದಲ ಪಾಠಶಾಲೆ. ಚಿತ್ರಕಲೆಯ ಶಿಕ್ಷಣ ಅವನಿಗಿಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ, ಇಟಲಿಯಿಂದ ವಲಸೆ ಬಂದ ಅಜ್ಜ ಕಟ್ಟಿದ್ದ ಕಟ್ಟಡ ಕೆಲಸದ ಕಂಪನಿಯಲ್ಲಿ ದುಡಿಯುತ್ತಿದ್ದ. 1987ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಅವನ ಮೊದಲ ಸ್ಕ್ರೂಜ್ ಕಥೆ ಅಚ್ಚಾಯಿತು. ಮನೆತನದ ಕೆಲಸವನ್ನು ಬಿಟ್ಟು ಬಾತುಕೋಳಿಯ ಬೆನ್ನು ಹತ್ತಿದ.

ಇದು ನಕಲೇ? ಅವನು ಮಾಡಿದ ಕೆಲಸವನ್ನು ನೋಡಿ ಹೇಳಬೇಕು. ಬಾರ್ಕ್ಸ್ ತನ್ನ ಕಥೆಗಳಲ್ಲಿ ಸ್ಕ್ರೂಜನ ಹಳೆಯ ದಿನಗಳ ಬಗ್ಗೆ ಅಲ್ಲೊಂದು ಇಲ್ಲೊಂದು ಮಾತು ಉದುರಿಸಿದ್ದ. ಕ್ಲಾಂಡೈಕಿನಲ್ಲಿ ಚಿನ್ನ ತೋಡಿದ ಕಥೆ, ಮೊದಲು ಗಳಿಸಿದ ಹತ್ತು ಸೆಂಟಿನ ನಾಣ್ಯದ ಮಾತು, ಹೀಗೆ. ರೋಸಾ ಅವನ್ನೆಲ್ಲ ಒಂದೊಂದಾಗಿ ಆಯ್ದು, ಇಸವಿ ಹಾಕಿ, ಚರಿತ್ರೆಯ ಪುಸ್ತಕಗಳೊಡನೆ ತಾಳೆ ನೋಡಿ, 12 ಅಧ್ಯಾಯಗಳಲ್ಲಿ ಸ್ಕ್ರೂಜನ ಸಂಪೂರ್ಣ ಜೀವನಚರಿತ್ರೆಯನ್ನು ಬರೆದ. ಅದು 1992ರಿಂದ 1994ರವರೆಗೆ ಡೆನ್ಮಾರ್ಕಿನ ಎಗ್‌ಮಾಂಟ್ ಪ್ರಕಾಶನದಿಂದ ಹೊರಬಂತು. 1995ರಲ್ಲಿ ಅದಕ್ಕೆ ಅಮೆರಿಕದ ಐಸ್ನರ್ ಪ್ರಶಸ್ತಿ ಸಿಕ್ಕಿತು.

ಆ ಕಥೆಯ ಮೊದಲ ಅಧ್ಯಾಯದಲ್ಲಿ ಸ್ಕ್ರೂಜ್ ಗ್ಲಾಸ್ಗೋ ನಗರದ ಬೀದಿಯಲ್ಲಿ ಬೂಟು ಪಾಲಿಶ್ ಮಾಡುವ ಹತ್ತು ವರ್ಷದ ಬಡಹುಡುಗ. ಅವನ ಮೊದಲ ಗಿರಾಕಿ ಗುಂಡಿ ತೋಡುವ ಕೂಲಿಯವನು. ಮೆತ್ತಿದ ಕೆಸರನ್ನು ಹುಡುಗ ಉಜ್ಜಿ ಉಜ್ಜಿ ತೆಗೆದ ಮೇಲೆ ಕೈಗೆ ಬಂದದ್ದು ಆ ಊರಿನಲ್ಲಿ ನಡೆಯದ ಅಮೆರಿಕದ ನಾಣ್ಯ. ಜಗತ್ತಿನ ಅತಿ ದೊಡ್ಡ ಖಜಾನೆಯ ಮೊದಲ ಕಾಸು ಒಬ್ಬ ಕೂಲಿಯ ಕೈಯಿಂದ ಬಂದದ್ದು ಎಂಬುದನ್ನು ನಮ್ಮ ಓದುಗರು ಮರೆಯಬಾರದು.

ನಮ್ಮ ಕೆಲವು ಸಂಗಾತಿಗಳು ಇಲ್ಲಿ ಆಕ್ಷೇಪ ಎತ್ತುತ್ತಾರೆ. ಇವೆಲ್ಲ ಬಂಡವಾಳಶಾಹಿಯ ಕಥೆಗಳು, ಮಕ್ಕಳ ತಲೆಗೆ ಹಾಕುವ ಅಫೀಮು ಎನ್ನುತ್ತಾರೆ. ಅವರ ಮಾತಿಗೆ ಆಧಾರವಿಲ್ಲದಿಲ್ಲ. ಚಿಲಿ ದೇಶದಲ್ಲಿ ಸಮಾಜವಾದಿ ಅಯೆಂದೆಯ ಸರ್ಕಾರವಿದ್ದಾಗ, 1971ರಲ್ಲಿ, ಏರಿಯಲ್ ಡಾರ್ಫ್‌ಮನ್ ಮತ್ತು ಅರ್ಮಾಂಡ್ ಮ್ಯಾಟಲಾರ್ಟ್ ಎಂಬಿಬ್ಬರು ಡೊನಾಲ್ಡ್ ಡಕ್ ಕಾಮಿಕ್ಸನ್ನು ಹೇಗೆ ಓದಬೇಕೆಂದು ಒಂದು ಪುಸ್ತಕವನ್ನೇ ಬರೆದರು. ಈ ಕಥೆಗಳಲ್ಲಿ ಸಂಪತ್ತು ಇದೆ, ಅದನ್ನು ದುಡಿದು ತಯಾರಿಸುವ ಕಾರ್ಮಿಕನಿಲ್ಲ. ಬಡದೇಶದ ಜನರೆಂದರೆ ಚಿನ್ನವನ್ನು ಕೊಟ್ಟು ಗಿಲೀಟು ಪಡೆಯುವ ಮುಗ್ಧರು ಎಂದು ತೋರಿಸಿಕೊಟ್ಟರು. 1973ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಆ ಪುಸ್ತಕವನ್ನು ನಿಷೇಧಿಸಿ ಸುಟ್ಟರು. ಸುಡುವಷ್ಟು ಸಿಟ್ಟು ಬಂದಿತೆಂದರೆ ಅದರಲ್ಲಿ ಸತ್ಯ ಇದ್ದಿರಲೇಬೇಕು.

ಆದರೆ ಆ ಸತ್ಯವನ್ನು ಒಪ್ಪಿಕೊಂಡು ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಇಲ್ಲಿಯೇ ರೋಸಾನ ಉದಾಹರಣೆ ನಮಗೆ ಪಾಠವಾಗಿದೆ. 1949ರ ಒಂದು ಕಥೆಯಲ್ಲಿ ಬಾರ್ಕ್ಸ್ ಹಾಸ್ಯದ ನಡುವೆ ಒಂದು ಮಾತು ಹೇಳಿ ಮುಂದೆ ಹೋಗಿದ್ದ: ಸ್ಕ್ರೂಜ್ ಹಿಂದೊಮ್ಮೆ ಆಫ್ರಿಕದ ಒಂದು ಬುಡಕಟ್ಟಿನವರನ್ನು ಗೂಂಡಾಗಳಿಂದ ಓಡಿಸಿ ಅವರ ಜಮೀನು ಕಬಳಿಸಿದ್ದನಂತೆ. ಗುರುವಿನ ಮೇಲಿನ ಪ್ರೀತಿಯಿಂದ ಶಿಷ್ಯ ಇದನ್ನು ಕಾಣದವನಂತೆ ಇರಬಹುದಿತ್ತು. ರೋಸಾ ಹಾಗೆ ಮಾಡಲಿಲ್ಲ. ಅದನ್ನೇ ತನ್ನ ಹನ್ನೊಂದನೆಯ ಅಧ್ಯಾಯದ ನಡುಗಂಬ ಮಾಡಿದ. ನ್ಯಾಯವಾಗಿ ದುಡಿದೇ ಗಳಿಸಿದೆನೆಂದು ಬೀಗುತ್ತಿದ್ದ ಸ್ಕ್ರೂಜ್ ಅಂದು ಊರು ಸುಡಿಸುತ್ತಾನೆ, ಮುಖಂಡನನ್ನು ವಂಚಿಸಿ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಒಡಹುಟ್ಟಿದ ತಂಗಿಯರು ಅವನನ್ನು ಬಿಟ್ಟುಹೋಗುತ್ತಾರೆ. ಹಣ ಬೆಳೆಯುತ್ತದೆ, ಮನೆ ಬರಿದಾಗುತ್ತದೆ. ಹೊರಗಿನಿಂದ ಟೀಕಿಸುವವನು ಪುಸ್ತಕದ ತಪ್ಪನ್ನು ತೋರಿಸಬಲ್ಲ. ಅದನ್ನು ಪ್ರೀತಿಸಿ ಓದಿದವನು ಅದೇ ಕಥೆಯೊಳಗೆ ಕುಳಿತು ನಾಯಕನಿಂದ ಲೆಕ್ಕ ಕೇಳಬಲ್ಲ.

ಈಗ ಆ ಅಧ್ಯಾಯದ ಗತಿ ಕೇಳಿ. 2023ರಲ್ಲಿ ಡಿಸ್ನಿ ಕಂಪನಿ ಅದನ್ನೂ ರೋಸಾನ ಇನ್ನೊಂದು ಕಥೆಯನ್ನೂ ಇನ್ನು ಮುಂದೆ ಮರುಮುದ್ರಿಸುವುದಿಲ್ಲವೆಂದು ತೀರ್ಮಾನಿಸಿತು. ಅವುಗಳಲ್ಲಿ ಬರುವ ಒಂದು ಆಫ್ರಿಕದ ಪಾತ್ರದ ಚಿತ್ರಣ ಸಮಾನತೆಯ ನೀತಿಗೆ ಹೊಂದುವುದಿಲ್ಲವೆಂಬುದು ಕಾರಣ. ಆ ಚಿತ್ರಣದಲ್ಲಿ ದೋಷವಿಲ್ಲವೆಂದು ನಾನೂ ಹೇಳಲಾರೆ. ಆದರೆ ಪರಿಣಾಮವೇನಾಯಿತು? ಶ್ರೀಮಂತನ ಸಾಹಸದ ಅಧ್ಯಾಯಗಳು ಮಾರಾಟಕ್ಕೆ ಉಳಿದವು; ಅವನ ಅಪರಾಧದ ಅಧ್ಯಾಯ ಮಾತ್ರ ಮಾಯವಾಯಿತು. ದೋಷವನ್ನು ವಿವರಿಸುವ ಒಂದು ಮುನ್ನುಡಿ ಸೇರಿಸಿ ಅಚ್ಚು ಹಾಕಬಹುದಿತ್ತಲ್ಲವೇ?

ಇನ್ನು ಕೂಲಿಯ ಮಾತು. ಗುರುವಿಗೆ ಇದ್ದ ಪದ್ಧತಿಯೇ ಶಿಷ್ಯನಿಗೂ ಬಂತು: ಪುಟಕ್ಕೆ ಇಷ್ಟು, ಮಾರಾಟದಲ್ಲಿ ಪಾಲಿಲ್ಲ. ಬಿಡಿಸಿದ ಮೂಲಚಿತ್ರಗಳನ್ನು ಹಿಂದಕ್ಕೆ ಕೊಡುವುದಿಲ್ಲವೆಂದು ಕಂಪನಿ ಹೇಳಿದಾಗ, 1989ರಲ್ಲಿ, ರೋಸಾ ತನ್ನ ಮೊದಲ ಪ್ರಕಾಶಕರ ಕೆಲಸ ಬಿಟ್ಟ. 2002ರಲ್ಲಿ ತನ್ನ ಕಥೆಗಳನ್ನು ಪುಟ ತಪ್ಪಿಸಿ, ಬಣ್ಣ ಕೆಡಿಸಿ ಅಚ್ಚು ಹಾಕುತ್ತಿದ್ದುದಕ್ಕೆ ಮುಷ್ಕರ ಹೂಡಿದ. ಹೌದು ಬಂಧುಗಳೇ, ಒಬ್ಬನೇ ಒಬ್ಬನ ಮುಷ್ಕರ! ಅದೇ ಡಿಸೆಂಬರಿನಲ್ಲಿ ಪ್ರಕಾಶಕರು ಒಪ್ಪಂದಕ್ಕೆ ಬಂದರು. ಅವನ ಕೊನೆಯ ಕಥೆ ಬಂದದ್ದು 2006ರಲ್ಲಿ. ಕಣ್ಣಿನ ತೊಂದರೆ, ಮನಸ್ಸಿನ ಖಿನ್ನತೆ ಮತ್ತು ಈ ಕೂಲಿ ಪದ್ಧತಿ, ಇವುಗಳಿಂದ ಕೆಲಸ ನಿಲ್ಲಿಸಿದೆನೆಂದು 2013ರಲ್ಲಿ ತಾನೇ ಬರೆದ.

ಆದರೂ ಒಂದು ಋಣವನ್ನು ಅವನು ತಪ್ಪದೆ ತೀರಿಸಿದ. ತನ್ನ ಹೆಚ್ಚಿನ ಕಥೆಗಳ ಮೊದಲ ಚಿತ್ರದಲ್ಲಿ ಡಿ, ಯು, ಸಿ, ಕೆ ಎಂಬ ನಾಲ್ಕು ಅಕ್ಷರಗಳನ್ನು ಬೇಗ ಕಣ್ಣಿಗೆ ಬೀಳದಂತೆ ಅಡಗಿಸಿಡುತ್ತಿದ್ದ. ಸೇರಿಸಿ ಓದಿದರೆ ಇಂಗ್ಲಿಷಿನಲ್ಲಿ ಬಾತುಕೋಳಿ. ಬಿಡಿಸಿ ಓದಿದರೆ, ಕಾರ್ಲ್ ಮಾಮನಿಗೆ ಕೀನೋ ಅರ್ಪಿಸಿದ್ದು ಎಂದು ಅರ್ಥ. ಕೀನೋ ಎಂಬುದು ರೋಸಾನಿಗೆ ಹೆತ್ತವರಿಟ್ಟ ಹೆಸರು. ಪೇಟೆಯ ವ್ಯಾಪಾರಿ ಬಂಧುಗಳಿಗೆ ಇದು ಬೇಗ ತಿಳಿದೀತು. ಸಾಲ ತಂದವನು ಖಾತೆಯಲ್ಲಿ ಹೆಸರು ಬರೆದರೆ ಅದು ವ್ಯವಹಾರ, ಬರೆಯದಿದ್ದರೆ ಕಳವು. ಹೆಸರು ಅಚ್ಚಾಗದ ಗುರುವಿನ ಹೆಸರನ್ನು ಶಿಷ್ಯ ಪ್ರತಿ ಕಥೆಯ ಬಾಗಿಲಲ್ಲೇ ಬರೆದಿಟ್ಟ.

ನೂಲಿನ ಖಾತೆಯ ಗೆಳೆಯರಿಗೆ ನಾನು ಹೇಳಿದ್ದು ಇಷ್ಟೇ. ನಿಮ್ಮ ಮಗನ ಬಾತುಕೋಳಿ ಕಂಡವರದು, ನಿಜ. ಆದರೆ ಅದು ಜಗಳಕ್ಕೆ ನಿಂತಿರುವ ಗಿರಣಿಯ ಗೇಟು ಯಾವ ಕಾಮಿಕ್ಸಿನಿಂದ ತಂದದ್ದೂ ಅಲ್ಲ. ನಿಮಗೆ ಊಟದ ಡಬ್ಬಿ ತಂದಾಗ ಅವನು ನಿಂತು ಕಂಡದ್ದು. ಲೆಕ್ಕದ ನೋಟುಬುಕ್ಕನ್ನು ಲೆಕ್ಕಕ್ಕೆ ಬಿಡಲಿ, ಚಿತ್ರಕ್ಕೆ ಬೇರೊಂದು ಪುಸ್ತಕ ಕೊಡಿಸಿ. ಅದರ ಮೊದಲ ಹಾಳೆಯಲ್ಲಿ ತಾನು ಯಾರಿಂದ ಕಲಿತೆನೆಂದು ಬರೆಯಲಿ. ಕೊನೆಯ ಹಾಳೆಯಲ್ಲಿ ಅಂಜದೆ ತನ್ನ ಹೆಸರು ಹಾಕಲಿ.

ವ್ಯಾಪಾರಿ ಬಂಧುಗಳಲ್ಲಿ ಒಂದು ಬಿನ್ನಹ. ನಿಮ್ಮ ಹಳೆಯ ಖಾತೆ ಪುಸ್ತಕಗಳಲ್ಲಿ ಖಾಲಿ ಹಾಳೆ ಉಳಿದಿದ್ದರೆ ರದ್ದಿಗೆ ಹಾಕಬೇಡಿ, ನಮ್ಮ ಕಚೇರಿಗೆ ಕಳುಹಿಸಿಕೊಡಿ. ಭಾನುವಾರ ಬೆಳಿಗ್ಗೆ ಬರುವ ಮಕ್ಕಳಿಗೆ ಹಂಚುತ್ತೇವೆ. ಆ ಹುಡುಗ ಈಗಾಗಲೇ ಇಬ್ಬರು ಗೆಳೆಯರನ್ನು ಕರೆತರುತ್ತೇನೆಂದು ಹೇಳಿಹೋಗಿದ್ದಾನೆ.